ಪಟ್ಟಮಹಿಷಿ, ಪಾಲಾಗಲಿ ಮತ್ತು ರೇಷನ್ ಕಾರ್ಡಿನ ಯಜಮಾನಿ

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

‘ಪಟ್ಟಮಹಿಷಿ’ ಅನ್ನೋ ಪದ ಕೇಳದ ಕನ್ನಡಿಗ ಇಲ್ಲ. ಹಳೇ ಪೌರಾಣಿಕ ಸಿನಿಮಾಗಳಲ್ಲಿ, ಊರಹಬ್ಬದ ನಾಟಕಗಳಲ್ಲಿ, ಶಾಲೆಯ ಚರಿತ್ರೆ ಪುಸ್ತಕದಲ್ಲಿ ಎಲ್ಲ ಕಡೆ ಇದೆ. ರಾಜನ ಎಡಕ್ಕೆ ಕೂರೋಳು, ದೊಡ್ಡ ರಾಣಿ. ಹೇಳುವಾಗಲೇ ಬಾಯಿ ತುಂಬುತ್ತೆ. ಅದೇ ‘ಮಹಿಷ’ ಅಂತ ಅನ್ನಿ ನೋಡೋಣ. ಮಹಿಷ ದಸರಾ ಮಾಡ್ತೀವಿ ಅಂದ ತಕ್ಷಣ ‘ಏನ್ರೀ, ಕೋಣನ ಪೂಜೆ ಮಾಡ್ತೀರಾ’ ಅಂತ ಹಲ್ಲು ಕಿಸಿಯೋರು ನೂರು ಜನ ಸಿಗ್ತಾರೆ. ಮಹಿಷ ಅಂದ್ರೆ ಕೋಣ ಆದ್ರೆ ಮಹಿಷಿ ಅಂದ್ರೆ ಎಮ್ಮೆ ತಾನೇ? ಹಾಗಾದ್ರೆ ಪಟ್ಟಮಹಿಷಿ ಅಂದ್ರೆ ಪಟ್ಟ ಕಟ್ಟಿದ ಎಮ್ಮೆ. ಅದಕ್ಕೆ ಮಾತ್ರ ಯಾರೂ ನಗಲ್ಲ. ಯಾಕೆ ನಗಲ್ಲ ಅನ್ನೋದೇ ಇವತ್ತಿನ ಮಾತು.

ಪದದಿಂದಲೇ ಶುರು ಮಾಡೋಣ. ಸಂಸ್ಕೃತದ ‘ಮಹ’ ಅಂದ್ರೆ ದೊಡ್ಡದು. ಮಹಾ, ಮಹಿಮೆ, ಮಹಿ ಎಲ್ಲ ಅದೇ ಬಳ್ಳಿಯ ಕಾಯಿಗಳು. ಮಹಿಷ ಅಂದ್ರೆ ಮೊದಲಿಗೆ ‘ಬಲಶಾಲಿ, ದೊಡ್ಡವನು’ ಅಂತಲೇ ಅರ್ಥ. ಋಗ್ವೇದದಲ್ಲಿ ದೇವತೆಗಳಿಗೂ ಈ ವಿಶೇಷಣ ಹಾಕಿದ್ದಾರೆ. ಆಮೇಲೆ ದೊಡ್ಡ ಪ್ರಾಣಿಗೆ, ಅಂದ್ರೆ ಕೋಣಕ್ಕೆ ಅದೇ ಹೆಸರು ನಿಂತಿತು. ಹೆಣ್ಣುರೂಪ ಮಹಿಷಿ ಎರಡು ಕಡೆ ಹರೀತು. ಒಂದು ಕೊಟ್ಟಿಗೆಗೆ, ಒಂದು ಅರಮನೆಗೆ. ಅಮರಕೋಶದಲ್ಲಿ ಅಭಿಷೇಕ ಆದ ರಾಣಿ ಮಹಿಷಿ, ರಾಜನ ಉಳಿದ ಹೆಂಗಸರು ಭೋಗಿನಿಯರು. ಅಂದ್ರೆ ಒಬ್ಬಳಿಗೆ ಪಟ್ಟ, ಉಳಿದವರೆಲ್ಲ ಭೋಗಕ್ಕೆ. ಇದನ್ನ ನಾನು ವ್ಯಂಗ್ಯಕ್ಕೆ ಹೇಳ್ತಾ ಇಲ್ಲ, ನಿಘಂಟೇ ಹಾಗೆ ಭಾಗ ಮಾಡಿದೆ.

ಇನ್ನೊಬ್ಬಳು ಮಹಿಷಿ ಇದ್ದಾಳೆ. ಅಯ್ಯಪ್ಪ ಮಾಲೆ ಹಾಕೋ ನಮ್ಮ ಹುಡುಗರನ್ನ ಕೇಳಿ, ಹೇಳ್ತಾರೆ. ಮಹಿಷಾಸುರನ ತಂಗಿ ಮಹಿಷಿ, ಅಯ್ಯಪ್ಪ ಕೊಂದ ರಾಕ್ಷಸಿ. ಅಣ್ಣನನ್ನ ದೇವಿ ಕೊಂದಳು, ತಂಗಿಯನ್ನ ಅಯ್ಯಪ್ಪ ಕೊಂದ. ಒಂದೇ ಪದ, ಅರಮನೆ ಒಳಗಿದ್ರೆ ಮಹಾರಾಣಿ, ಕಾಡಲ್ಲಿದ್ರೆ ಕೊಲ್ಲಬೇಕಾದ ರಾಕ್ಷಸಿ. ಪದದಲ್ಲಿ ತಪ್ಪಿಲ್ಲ ನೋಡಿ. ಅದು ಯಾರ ಮೇಲೆ ಬಿತ್ತು ಅನ್ನೋದರಲ್ಲಿ ಎಲ್ಲ ಇದೆ. ನಮ್ಮ ಮೈಸೂರಿನ ಹೆಸರೇ ಮಹಿಷೂರು. ಅಶೋಕನ ಕಾಲದಲ್ಲಿ ಮಹಾದೇವ ಅನ್ನೋ ಥೇರರನ್ನ ಮಹಿಷಮಂಡಲಕ್ಕೆ ಧಮ್ಮ ಹೇಳೋಕೆ ಕಳಿಸಿದ್ರು ಅಂತ ಸಿಂಹಳದ ಮಹಾವಂಸ ಹೇಳುತ್ತೆ, ಅದು ನಮ್ಮ ಸೀಮೆಯೇ ಅನ್ನೋ ವಿದ್ವಾಂಸರು ಇದ್ದಾರೆ. ಆ ಚರ್ಚೆ ಇನ್ನೊಂದು ದಿನಕ್ಕೆ ಇರಲಿ.

‘ಪಟ್ಟ’ ಅಂದ್ರೇನು? ಹಣೆಗೆ ಕಟ್ಟೋ ಪಟ್ಟಿ. ಬಟ್ಟೆಯದೋ ಚಿನ್ನದ್ದೋ. ಪಟ್ಟ ಕಟ್ಟೋದು ಅಂತ ಈಗಲೂ ಅಂತೀವಲ್ಲ, ನಿಜವಾಗಲೂ ಕಟ್ಟುತ್ತಿದ್ರು. ಅದೇ ಕುಲದ ಪದ ಪಟ್ಟಿ. ಅವರಿಗೆ ಪಟ್ಟ, ನಮಗೆ ಹಣೆಪಟ್ಟಿ. ಸರಿ, ಮುಂದಕ್ಕೆ ಹೋಗೋಣ.

ಈ ಬಿರುದಿನ ಹಳೇ ಕಥೆ ನೋಡಬೇಕು ಅಂದ್ರೆ ಶತಪಥ ಬ್ರಾಹ್ಮಣಕ್ಕೆ ಹೋಗಬೇಕು. ಅಲ್ಲಿ ರಾಜನಿಗೆ ನಾಲ್ಕು ಜನ ಹೆಂಡಿರು, ನಾಲ್ಕು ಜನಕ್ಕೂ ಬೇರೆ ಬೇರೆ ಹೆಸರು. ಮೊದಲನೆಯವಳು ಮಹಿಷಿ. ಎರಡನೆಯವಳು ವಾವಾತಾ, ಅಂದ್ರೆ ರಾಜನ ಮೆಚ್ಚಿನವಳು. ಮೂರನೆಯವಳು ಪರಿವೃಕ್ತೀ, ಅಂದ್ರೆ ಬಿಟ್ಟವಳು, ಗಂಡುಮಗು ಹೆರದವಳು. ನಾಲ್ಕನೆಯವಳು ಪಾಲಾಗಲೀ. ಕನ್ನಡದ ಕಿವಿಗೆ ‘ಮಣ್ಣುಪಾಲಾಗಲಿ’ ಅಂತ ಶಾಪ ಹಾಕಿದ ಹಾಗೆ ಕೇಳುತ್ತೆ, ಆದ್ರೆ ಸಂಸ್ಕೃತ ಪದ. ಪಾಲಾಗಲ ಅಂದ್ರೆ ರಾಜನ ಸುದ್ದಿ ಹೊತ್ತು ಓಡಾಡೋ ಆಳು. ಅವನ ಮಗಳು ಪಾಲಾಗಲೀ. ಕೆಳಗಿನ ಜನದ ಹುಡುಗಿ.

ಅಶ್ವಮೇಧದಲ್ಲಿ ಈ ನಾಲ್ಕೂ ಜನ ಬರಬೇಕು. ಒಬ್ಬೊಬ್ಬಳ ಹಿಂದೆ ನೂರು ನೂರು ಹೆಣ್ಣುಮಕ್ಕಳು. ಮಹಿಷಿಯ ಹಿಂದೆ ರಾಜರ ಹೆಣ್ಣುಮಕ್ಕಳು ನೂರು. ವಾವಾತಾ ಹಿಂದೆ ರಾಜನ್ಯರ ಹೆಣ್ಣುಮಕ್ಕಳು. ಪರಿವೃಕ್ತಿಯ ಹಿಂದೆ ಸೂತರ, ಊರ ಮುಖಂಡರ ಹೆಣ್ಣುಮಕ್ಕಳು. ಪಾಲಾಗಲಿಯ ಹಿಂದೆ ಬಾಗಿಲು ಕಾಯೋರ, ರಥ ಹೊಡೆಯೋರ ಹೆಣ್ಣುಮಕ್ಕಳು. ಮಲಗೋ ಮನೆಯಲ್ಲೂ ಮೆಟ್ಟಿಲು. ಬಾಬಾಸಾಹೇಬರು ಜಾತಿ ಅಂದ್ರೆ ಏಣಿಯಂತಹ ಅಸಮಾನತೆ, ಒಬ್ಬರ ಮೇಲೆ ಒಬ್ಬರು ಅಂತ ವಿವರಿಸಿದ್ರಲ್ಲ, ಅದರ ಹೆಣ್ಣುರೂಪ ಬೇಕು ಅಂದ್ರೆ ಇಲ್ಲಿದೆ.

ಹಾಗಂತ ಮೇಲಿನ ಮೆಟ್ಟಿಲಲ್ಲಿದ್ದ ಮಹಿಷಿ ಸುಖವಾಗಿದ್ದಳಾ? ಯಾಗದ ಕುದುರೆ ಕೊಂದ ಮೇಲೆ ಅದರ ಪಕ್ಕ ಮಲಗಬೇಕಾದವಳು ಅವಳೇ. ಮೇಲೆ ಬಟ್ಟೆ ಹೊದಿಸ್ತಾರೆ. ಸುತ್ತ ನಿಂತ ಪುರೋಹಿತರು, ಉಳಿದ ಹೆಂಡಿರು ಅಶ್ಲೀಲ ಮಾತು ಆಡ್ಕೊಬೇಕು, ಅದೂ ವಿಧಿಯೇ. ನಾನು ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ, ಮಂತ್ರ ಬರೆದೋರಿಗೆ ಆಗಿಲ್ಲ. ಪಟ್ಟ ಅವಳಿಗೆ, ಯಾಗದ ಫಲ ಯಜಮಾನನಿಗೆ. ಯಜಮಾನ ಅಂದ್ರೆ ಯಾಗ ಮಾಡಿಸೋನು, ಅಂದ್ರೆ ರಾಜ. ಈ ‘ಯಜಮಾನ’ ಅನ್ನೋ ಪದ ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ನನಗೆ ಹೆಚ್ಚು ಕಾಡೋದು ಮೂರನೆಯವಳು. ರಾಜಸೂಯ ಯಾಗದಲ್ಲಿ ರಾಜ ತನ್ನ ರಾಜ್ಯದ ‘ರತ್ನಿ’ಗಳ ಮನೆಮನೆಗೆ ಹೋಗಿ ಹೋಮ ಮಾಡಬೇಕು. ಸೇನಾನಿ, ಪುರೋಹಿತ, ಮಹಿಷಿ ಹೀಗೆ. ಕೊನೆಗೆ ಪರಿವೃಕ್ತಿಯ ಮನೆ. ಅಲ್ಲಿ ಹೋಮ ಯಾರಿಗೆ ಗೊತ್ತಾ? ನಿರೃತಿಗೆ, ಅಂದ್ರೆ ಕೇಡಿನ ದೇವತೆಗೆ. ಕರಿ ಭತ್ತ, ಅದನ್ನ ಉಗುರಲ್ಲೇ ಸುಲಿಯಬೇಕು. ದಕ್ಷಿಣೆಗೆ ಕಪ್ಪು, ಮುದಿ, ರೋಗದ ಹಸು. ಆಮೇಲೆ ರಾಜ ಅವಳಿಗೆ ಹೇಳಬೇಕು, ಇವತ್ತು ನನ್ನ ಆಳ್ವಿಕೆಯ ನೆಲದಲ್ಲಿ ನೀನಿರಬೇಡ ಅಂತ. ಗಂಡುಮಗು ಹೆರಲಿಲ್ಲ ಅನ್ನೋ ಒಂದು ಕಾರಣಕ್ಕೆ ಹೆಂಡತಿಯನ್ನ ರಾಜ್ಯದ ಆಚೆ ನಿಲ್ಲಿಸೋದು. ಕಪ್ಪು ಬಣ್ಣ, ಕೆಟ್ಟದ್ದು, ಆಚೆ ಹೋಗು. ಈ ಮೂರೂ ಒಟ್ಟಿಗೆ ಬರೋದನ್ನ ಓದಿದಾಗ ಊರಾಚೆ ಕೇರಿಯಲ್ಲಿ ಹುಟ್ಟಿದ ನನ್ನಂಥೋರಿಗೆ ಬೇರೆ ಟಿಪ್ಪಣಿ ಬೇಡ.

ಒಂದು ಮಾತು ಸೇರಿಸಬೇಕು. ಬಾಬಾಸಾಹೇಬರು 1951ರಲ್ಲಿ ಹಿಂದೂ ಸ್ತ್ರೀಯ ಏಳುಬೀಳಿನ ಬಗ್ಗೆ ಬರೆದ ಲೇಖನದಲ್ಲಿ ಈ ಪಟ್ಟಾಭಿಷೇಕದ ವಿಧಿಯನ್ನ ಬೇರೆ ಕಡೆಯಿಂದ ನೋಡ್ತಾರೆ. ರಾಜನಾಗೋನು ರಾಣಿಗೆ ಮಾತ್ರ ಅಲ್ಲ, ಕೆಳಜಾತಿಯ ಹೆಂಡಿರಿಗೂ ಗೌರವ ಸಲ್ಲಿಸಬೇಕಿತ್ತು, ಮನುವಿಗಿಂತ ಮುಂಚೆ ಹೆಂಗಸಿಗೆ ಒಂದು ಸ್ಥಾನ ಇತ್ತು, ಮನು ಅದನ್ನೂ ಕಿತ್ತುಕೊಂಡ ಅನ್ನೋದು ಅವರ ವಾದ. ಅದು ನಿಜ. ಬಾಗಿಲಿಗೆ ಬಂದು ಕೈ ಮುಗಿಯೋದು ಪೂರ್ತಿ ನಿಂತುಹೋದ ಕಾಲಕ್ಕೆ ಹೋಲಿಸಿದ್ರೆ ಅದು ದೊಡ್ಡದೇ. ಆದ್ರೆ ಆ ಬಾಗಿಲುಗಳ ಸಾಲು ಯಾವ ಕ್ರಮದಲ್ಲಿತ್ತು ಅನ್ನೋದನ್ನೂ ನಾವು ಓದಬೇಕು ಅಂತ ನನ್ನ ಅನಿಸಿಕೆ.

ಅದೇ ಲೇಖನದಲ್ಲಿ ಬಾಬಾಸಾಹೇಬರು ಇನ್ನೊಬ್ಬ ರಾಣಿಯ ಹೆಸರು ತರ್ತಾರೆ. ಮಲ್ಲಿಕಾ. ಪಾಲಿಯಲ್ಲಿ ಪಟ್ಟದ ರಾಣಿಗೆ ‘ಅಗ್ಗಮಹೇಸಿ’ ಅಂತಾರೆ, ಮಹಿಷಿಯೇ ಅಲ್ಲಿ ಮಹೇಸಿ ಆಗಿದೆ. ಕೋಸಲದ ರಾಜ ಪಸೇನದಿಯ ಅಗ್ಗಮಹೇಸಿ ಮಲ್ಲಿಕಾ ಹುಟ್ಟಿದ್ದು ಅರಮನೆಯಲ್ಲಲ್ಲ, ಸಾವತ್ಥಿಯ ಹೂ ಕಟ್ಟೋರ ಮನೆಯಲ್ಲಿ. ಅವಳು ಹೆಣ್ಣು ಹೆತ್ತ ಸುದ್ದಿ ಬಂದಾಗ ರಾಜನ ಮುಖ ಸಪ್ಪಗಾಯ್ತು. ಬುದ್ಧ ಪಕ್ಕದಲ್ಲೇ ಇದ್ದರು. ಹೆಣ್ಣು ಗಂಡಿಗಿಂತಲೂ ಮೇಲಾಗಿ ಬೆಳೀಬಹುದು ಮಹಾರಾಜ ಅಂದ್ರು. ಗಂಡು ಹೆರದವಳನ್ನ ಆಚೆ ಕಳಿಸೋ ವಿಧಿ ಒಂದು ಕಡೆ, ಈ ಮಾತು ಒಂದು ಕಡೆ. ಇನ್ನೊಂದು ಸಲ ಪಸೇನದಿ ಅವಳನ್ನ ಕೇಳ್ತಾನೆ, ನಿನಗೆ ನಿನಗಿಂತ ಪ್ರಿಯರಾದೋರು ಯಾರಾದ್ರೂ ಇದ್ದಾರಾ ಅಂತ. ನೀನೇ ನನ್ನ ಪ್ರಾಣ ಅಂತ ಕೇಳೋ ಆಸೆ ಇರಬೇಕು ಪಾಪ. ಅವಳು ಇಲ್ಲ ಮಹಾರಾಜ, ನನಗಿಂತ ಪ್ರಿಯರು ನನಗೆ ಯಾರೂ ಇಲ್ಲ ಅಂದುಬಿಟ್ಟಳು. ರಾಜ ಬುದ್ಧರ ಹತ್ರ ಹೋಗಿ ಹೇಳಿದ್ರೆ ಬುದ್ಧರೂ ಅವಳ ಮಾತನ್ನೇ ಒಪ್ಪಿದ್ರು. ಹೂ ಕಟ್ಟೋರ ಮಗಳು, ರಾಜನ ಮುಖಕ್ಕೆ! ನಮ್ಮ ಹೆಣ್ಣುಮಕ್ಕಳಿಗೆ ರಾಣಿ ಕಥೆ ಹೇಳಲೇಬೇಕು ಅಂದ್ರೆ ನಾನು ಇದನ್ನ ಹೇಳ್ತೀನಿ.

ಅಶೋಕನ ಹೆಂಡತಿಯ ಒಂದು ಶಾಸನ ಇದೆ, ಅಲಹಾಬಾದಿನ ಕಂಬದ ಮೇಲೆ. ಆಗ ರಾಣಿಯ ಬಿರುದು ‘ದೇವಿ’. ಎರಡನೇ ದೇವಿ, ತೀವಲನ ತಾಯಿ ಕಾರುವಾಕಿ ಕೊಟ್ಟ ದಾನ, ಮಾವಿನ ತೋಪಾಗಲಿ ತೋಟವಾಗಲಿ ಛತ್ರವಾಗಲಿ, ಅವಳ ಹೆಸರಿಗೇ ಲೆಕ್ಕ ಬರೀಬೇಕು ಅನ್ನೋ ಆಜ್ಞೆ. ಅಲ್ಲೂ ‘ಎರಡನೇ’ ಅನ್ನೋ ನಂಬರ್ ಇದೆ, ‘ಇಂಥವನ ತಾಯಿ’ ಅನ್ನೋದೂ ಇದೆ. ಆದ್ರೂ ಲೆಕ್ಕ ಅವಳ ಹೆಸರಿಗೆ. ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಖಾತೆ ಬದಲಾವಣೆ ಅಂದುಕೊಳ್ಳಿ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಗಸರ ಹೆಸರಿಗೆ ಖಾತೆ ಇದೆ, ಎಣಿಸಿ ನೋಡಿ.

ಈಗ ನಮ್ಮ ನಾಡಿಗೆ ಬರೋಣ. ಕನ್ನಡದ ಕಲ್ಲುಗಳಲ್ಲಿ ರಾಣಿಗೆ ‘ಅರಸಿ’ ಅಂತಾರೆ, ದೊಡ್ಡವಳಿಗೆ ‘ಪಿರಿಯರಸಿ’. ನನಗಂತೂ ಪಟ್ಟಮಹಿಷಿಗಿಂತ ಪಿರಿಯರಸಿಯೇ ಚಂದ ಕಾಣುತ್ತೆ, ನಮ್ಮವಳು ಅನ್ಸುತ್ತೆ. ಜೊತೆಗೆ ಮಹಾದೇವಿ, ಪಟ್ಟಮಹಾದೇವಿ ಅನ್ನೋ ಬಿರುದುಗಳು. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಪಟ್ಟದಕಲ್ಲಲ್ಲಿ ಗುಡಿ ಕಟ್ಟಿಸಿದವಳು ಲೋಕಮಹಾದೇವಿ. ಅವಳ ತಂಗಿ, ಸವತಿಯೂ ಅವಳೇ, ತ್ರೈಲೋಕ್ಯಮಹಾದೇವಿ, ಪಕ್ಕದಲ್ಲೇ ಇನ್ನೊಂದು ಗುಡಿ ಕಟ್ಟಿಸಿದಳು. ಗೆದ್ದದ್ದು ಗಂಡ, ಕಲ್ಲು ಹೊತ್ತೋರು ನಮ್ಮಂಥೋರು, ಹೆಸರು ರಾಣಿಯರದು. ಇರಲಿ.

ಹೊಯ್ಸಳರ ಶಾಂತಲೆಯ ವಿಷಯ ಎಲ್ಲರಿಗೂ ಗೊತ್ತು. ನಾಟ್ಯರಾಣಿ ಅಂತ ಮೆರೆಸ್ತೀವಿ. ಅವಳಿಗಿದ್ದ ಒಂದು ಬಿರುದು ಮಾತ್ರ ಸಿನಿಮಾದೋರು ಹೇಳಲ್ಲ. ‘ಸವತಿಗಂಧವಾರಣೆ’. ಸವತಿಯರ ಪಾಲಿಗೆ ಮದವೇರಿದ ಆನೆ ಅಂತ ಅರ್ಥ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿಗೆ ಈಗಲೂ ಸವತಿಗಂಧವಾರಣ ಬಸದಿ ಅಂತಲೇ ಹೆಸರು. ವಿಷ್ಣುವರ್ಧನನ ಬಿರುದುಗಳನ್ನ ಓದಿ, ಆ ಊರು ಗೆದ್ದೋನು, ಈ ಊರು ಕೊಂಡೋನು ಅಂತ ಇರುತ್ತೆ. ಅವನ ಹೆಂಡತಿಯ ಬಿರುದು, ಅವನ ಇತರ ಹೆಂಡಿರನ್ನ ತುಳಿಯೋಳು ಅಂತ. ಗಂಡಸಿಗೆ ರಣರಂಗ ಹೊರಗಿದೆ, ಹೆಂಗಸಿಗೆ ರಣರಂಗ ಅಂತಃಪುರದಲ್ಲೇ ಇದೆ. ಕಲೆ, ಬುದ್ಧಿ, ದಾನ ಎಲ್ಲ ಇದ್ದ ಅಂಥ ಹೆಣ್ಣಿಗೇ ಈ ಗತಿ.

ಇದಕ್ಕೆ ಎದುರಾಗಿ ನಿಲ್ಲೋಳು ಅಕ್ಕಾದೇವಿ. ಕಲ್ಯಾಣದ ಚಾಲುಕ್ಯರ ಜಯಸಿಂಹನ ಅಕ್ಕ. ಕಿಸುಕಾಡು ಎಪ್ಪತ್ತು ಅನ್ನೋ ಸೀಮೆಯನ್ನ ತಾನೇ ಆಳಿದಳು, 1047ರಲ್ಲಿ ಗೋಕಾಗೆ ಕೋಟೆಗೆ, ಈಗಿನ ಗೋಕಾಕಕ್ಕೆ, ಮುತ್ತಿಗೆ ಹಾಕಿ ಕೂತಳು. ಬಿರುದು ‘ಗುಣದ ಬೆಡಂಗಿ’. ಗುಣದಲ್ಲಿ ಚೆಲುವೆ. ಯಾರ ಹೆಂಡತಿ ಅನ್ನೋದು ಬಿರುದಲ್ಲಿ ಇಲ್ಲ. ಅವಳ ಹೆಸರಿನಲ್ಲೇ ‘ಅಕ್ಕ’ ಇರೋದು ನನಗೆ ಇಷ್ಟ. ರಾಣಿ ಆಗಬೇಕಾದ್ರೆ ರಾಜ ಬೇಕು, ಅಕ್ಕ ಆಗೋಕೆ ಯಾರ ಹಂಗೂ ಬೇಡ.

ಇನ್ನೂ ಒಂದು ಕಲ್ಲು ಇದೆ, ಬಾದಾಮಿ ಹತ್ರ ಮಹಾಕೂಟದಲ್ಲಿ. ಹೋದೋರು ಕೆರೆಯಲ್ಲಿ ಮುಳುಗೆದ್ದು ಬರ್ತಾರೆ, ಗುಡಿಯ ಕಂಬದ ಮೇಲಿನ ಆ ಅಕ್ಷರ ನೋಡೋರು ಕಡಿಮೆ. ಎಂಟನೇ ಶತಮಾನದ್ದು, ಚಾಲುಕ್ಯ ವಿಜಯಾದಿತ್ಯನ ಕಾಲದ್ದು. ವಿನಾಪೋಟಿ ಅನ್ನೋಳು ರಾಜನ ‘ಪ್ರಾಣವಲ್ಲಭೆ’. ಅದೇ ಶಾಸನ ಅವಳನ್ನ ‘ಸೂಳೆ’ ಅಂತಲೂ ಕರೆಯುತ್ತೆ. ಬೈಗುಳಕ್ಕಲ್ಲ, ಅದೊಂದು ಸ್ಥಾನ ಅನ್ನೋ ಹಾಗೆ. ಅವಳ ಅಜ್ಜಿ, ಅವಳ ತಾಯಿ ಕುಚಿಪೋಟಿ, ಅವಳು, ಹೀಗೆ ಹೆಣ್ಣಿನ ಸಾಲಲ್ಲೇ ವಂಶ ಹೇಳುತ್ತೆ. ಹಿರಣ್ಯಗರ್ಭ ದಾನ ಮಾಡಿದಳು, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿ ಕೊಡೆ ಏರಿಸಿದಳು, ಭೂಮಿ ಬಿಟ್ಟಳು. ಎಲ್ಲಕ್ಕಿಂತ ಮುಖ್ಯ ಏನಂದ್ರೆ ಕಲ್ಲು ಅವಳನ್ನ ಕರೆಯೋದು ‘ವಿನಾಪೋಟಿಗಳ್’ ಅಂತ. ಬಹುವಚನ! ಪಟ್ಟ ಇಲ್ಲದ, ಮದುವೆ ಇಲ್ಲದ ಹೆಣ್ಣಿಗೆ ಸಾವಿರದ ಮುನ್ನೂರು ವರ್ಷದ ಹಿಂದೆ ಕನ್ನಡ ‘ಗಳ್’ ಹಚ್ಚಿ ಮಾತಾಡಿದೆ. ಆ ಪದ ಈಗ ಏನಾಗಿದೆ ಅಂತ ನಾನು ಹೇಳಬೇಕಿಲ್ಲ. ಜಗಳದಲ್ಲಿ ಹೆಂಗಸಿನ ಮೇಲೆ ಎಸೆಯೋ ಮೊದಲನೇ ಕಲ್ಲೇ ಅದು.

ಇಂಗ್ಲಿಷಿನವರಲ್ಲೂ ಇದೇ ಕಥೆ, ಬೇಗ ಹೇಳಿ ಮುಗಿಸ್ತೀನಿ. ಅವರ ‘ಕ್ವೀನ್’ ಮೊದಲಿಗೆ ಬರೀ ‘ಹೆಂಗಸು, ಹೆಂಡತಿ’ ಅಂತ ಅರ್ಥದ ಮನೆಯಿಂದ ಬಂದ ಪದ. ಅದೇ ಮನೆಯ ಇನ್ನೊಂದು ಪದ ಕೀಳಾಗಿ ಇಳಿದು ಇಳಿದು ಸೂಳೆ ಅಂತಾಯ್ತು. ಒಂದು ಸಿಂಹಾಸನ ಹತ್ತಿತು, ಒಂದು ಬೀದಿಗೆ ಬಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಳಿಗೆ ಕೈಸರ್-ಎ-ಹಿಂದ್ ಅಂತ ಹೊಸ ಬಿರುದು ಸಾರುವಾಗ ನಮ್ಮ ಮೈಸೂರು ಸೀಮೆಯಲ್ಲಿ ಧಾತು ಸಂವತ್ಸರದ ಬರ. ದರಬಾರಿನ ಊಟ ಒಂದು ಕಡೆ, ಗಂಜಿಕೇಂದ್ರದ ಸಾಲು ಒಂದು ಕಡೆ.

1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಅನ್ನೋ ಪ್ರವಾಸಿ ನಮ್ಮ ಕರಾವಳಿಗೆ ಬಂದಿದ್ದ. ಉಳ್ಳಾಲದ ರಾಣಿಯನ್ನ ನೋಡೋ ಆಸೆ. ಪೋರ್ಚುಗೀಸರನ್ನ ನಡುಗಿಸಿದ ರಾಣಿ ಅಲ್ವಾ, ರೇಷ್ಮೆ ಒಡವೆ ಪಲ್ಲಕ್ಕಿ ಅಂತ ಏನೇನೋ ಅಂದುಕೊಂಡಿದ್ದನೋ ಏನೋ. ಎದುರಿಗೆ ಬಂದವಳು ಕಪ್ಪು ಮೈಯ, ಬರಿಗಾಲಿನ ಹೆಂಗಸು. ಹತ್ತಿ ಬಟ್ಟೆ, ಓಲೆ ಕೊಡೆ. ಹೊಲಕ್ಕೆ ನೀರು ಹಾಯಿಸೋ ಕಾಲುವೆ ತೋಡಿಸ್ತಾ ನಿಂತಿದ್ದಳು. ಅವನ ಕಣ್ಣಿಗೆ ರಾಣಿಗಿಂತ ಅಡುಗೆಮನೆ ಆಳಿನ ಹಾಗೆ, ಬಟ್ಟೆ ಒಗೆಯೋಳ ಹಾಗೆ ಕಂಡಳಂತೆ, ಹಾಗಂತಲೇ ಬರೆದಿಟ್ಟಿದ್ದಾನೆ. ಬಾಯಿ ಬಿಟ್ಟು ಮಾತಾಡಿದಾಗ ಮಾತ್ರ ರಾಣಿ ಅನ್ನಿಸಿತು ಅವನಿಗೆ.

ಇದನ್ನ ಓದಿದಾಗ ನನಗೆ ನಗು ಬಂತು. ಆಳಿನ ಹಾಗೆ ಕಾಣೋದು ಅಂದ್ರೇನು? ಕಪ್ಪಗಿರೋದು, ಬರಿಗಾಲಲ್ಲಿರೋದು, ಬಿಸಿಲಲ್ಲಿ ನಿಂತು ಕೆಲಸ ಮಾಡೋದು. ಹಾಗೆ ನೋಡಿದ್ರೆ ನಮ್ಮ ಕೇರಿಯ ಅಷ್ಟೂ ಹೆಂಗಸರು ಉಳ್ಳಾಲದ ರಾಣಿಯರೇ. ಈಗ ನಾವು ಹಾಕೋ ಅಬ್ಬಕ್ಕನ ಪಟಗಳನ್ನ ನೋಡಿ, ಬೆಳ್ಳಗೆ, ಮೈತುಂಬ ಒಡವೆ. ನಾವೇ ಅವಳನ್ನ ತೊಳೆದು ಬಿಳಿ ಮಾಡಿದ್ದೀವಿ. ಉಳ್ಳಾಲದ ಚೌಟರದು ಅಳಿಯಕಟ್ಟು, ಅಧಿಕಾರ ಹೆಣ್ಣಿನ ಸಾಲಲ್ಲಿ ಇಳಿಯೋ ಮನೆತನ. ಅಲ್ಲಿ ರಾಣಿ ಅಂದ್ರೆ ರಾಜನ ಹೆಂಡತಿ ಅಲ್ಲ, ಆಳೋಳೇ. ಆ ಅರ್ಥವನ್ನೂ ತೊಳೆದುಬಿಟ್ಟಿದ್ದೀವಿ.

ಇಷ್ಟು ಹೊತ್ತು ಅರಮನೆ ಸುತ್ತಿದ್ದಾಯ್ತು. ಕೇರಿಗೆ ಬರೋಣ.

ನಮ್ಮ ಹೆಂಗಸರಿಗೆ ಇದ್ದ ಬಿರುದೇನು? ಹಳೇ ಕಾಗದಪತ್ರ ತೆಗೆದು ನೋಡಿ. ಊರೊಳಗಿನ ನಿಂಗಮ್ಮ, ಕೇರಿಯಲ್ಲಿ ನಿಂಗಿ. ಅಲ್ಲಿ ಕೆಂಚಮ್ಮ, ಇಲ್ಲಿ ಕೆಂಚಿ. ಅಲ್ಲಿ ಮಾರೇಗೌಡ, ಇಲ್ಲಿ ಮಾರ. ‘ನಿಂಗಿ ಕೋಂ ಮಾರ’ ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ್ರೆ ಮುಗೀತು. ನಮ್ಮಜ್ಜಿಗೆ ಅರವತ್ತು ದಾಟಿತ್ತು, ಅವಳು ಕೂಲಿಗೆ ಹೋಗ್ತಿದ್ದ ಮನೆಯ ಎಂಟು ವರ್ಷದ ಹುಡುಗ ‘ಏ ನಿಂಗೀ, ಬಾರೇ ಇಲ್ಲಿ’ ಅಂತಿದ್ದ. ಅವಳು ಅವನಿಗೆ ‘ಬಂದೆ ಬುದ್ಧೀ’ ಅಂತಿದ್ದಳು. ಅವನ ತೊಟ್ಟಿಲು ತೂಗಿದೋಳೂ ಅವಳೇ. ಇದು ಹಳ್ಳಿಯ ಒರಟುತನ ಅಂತ ಯಾರಾದ್ರೂ ಅಂದ್ರೆ ಮನುಸ್ಮೃತಿಯ ಎರಡನೇ ಅಧ್ಯಾಯ ನೋಡಲಿ. ಬ್ರಾಹ್ಮಣನ ಹೆಸರು ಮಂಗಳ ಸೂಚಿಸಬೇಕು, ಕ್ಷತ್ರಿಯನದು ಬಲ, ವೈಶ್ಯನದು ಸಂಪತ್ತು, ಶೂದ್ರನದು ಮಾತ್ರ ಹೇಯವಾಗಿರಬೇಕು ಅಂತ ಕಟ್ಟಳೆ. ಶೂದ್ರನಿಗೇ ಹಾಗಾದ್ರೆ ಆ ನಾಲ್ಕರ ಆಚೆ ಇದ್ದೋರ ಹೆಂಗಸರಿಗೆ? ಒಂದು ‘ಅಮ್ಮ’ ಎಷ್ಟು ದೊಡ್ಡ ಬಿರುದು ಅನ್ನೋದು ಅದು ಸಿಗದೇ ಇದ್ದೋರಿಗೆ ಗೊತ್ತು.

ರಾಣಿ ಅನ್ನೋ ಬಿರುದು ನಮಗೆ ಬರ್ತಿದ್ದದ್ದು ಒಂದೇ ಥರ. ಹೊಟ್ಟೆನೋವು ಅಂತ ಒಂದು ಗಳಿಗೆ ಬದುವಿನ ಮೇಲೆ ಕೂತ್ರೆ ‘ಏನೇ, ಮಹಾರಾಣಿ ಥರ ಕೂತ್ಬಿಟ್ಟೆ’. ಹೊಸ ಸೀರೆ ಉಟ್ರೆ ‘ಬಂದ್ಳು ನೋಡು ಮಹಾರಾಣಿ’.

ದೇವಿ ಅನ್ನೋ ಬಿರುದೂ ಹಾಗೇ. ರಾಣಿಗೆ ‘ದೇವಿ’ ಅಂದ ಸಮಾಜವೇ ನಮ್ಮ ಹೆಣ್ಣುಮಕ್ಕಳಿಗೆ ‘ದೇವದಾಸಿ’ ಅಂತು. ಮುತ್ತು ಕಟ್ಟಿ, ದೇವರ ಹೆಂಡತಿ ಅಂದ್ರು, ನಿತ್ಯಸುಮಂಗಲಿ ಅಂದ್ರು. ಕೇಳೋಕೆ ಪಟ್ಟಮಹಿಷಿಗಿಂತ ದೊಡ್ಡ ಬಿರುದು, ಗಂಡ ಸಾಯೋದೇ ಇಲ್ಲ. ಆ ಬಿರುದಿನ ಹಿಂದೆ ಊರ ಗೌಡನ ತೋಟದ ಮನೆ ಇತ್ತು. 1982ರಲ್ಲಿ ಕರ್ನಾಟಕದಲ್ಲಿ ನಿಷೇಧದ ಕಾಯ್ದೆ ಬಂತು. ಆ ಬಿರುದು ಹೊತ್ತ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಅನ್ನೋ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಡೋದನ್ನ ನಾನು ನೋಡಿದ್ದೀನಿ. ಸಂಘಟನೆ ಕೆಲಸಕ್ಕೆ ಉತ್ತರ ಕರ್ನಾಟಕಕ್ಕೆ ಹೋದಾಗೆಲ್ಲ ನೋಡಿದ್ದೀನಿ. ವಿನಾಪೋಟಿಯ ಶಾಸನದಲ್ಲಿ ತಾಯಿ, ಅಜ್ಜಿ ಹೆಸರು ಸಾಕಾಗಿತ್ತು.

ಚಿತ್ರದುರ್ಗದ ಓಬವ್ವ ಛಲವಾದಿಯವರ ಹೆಣ್ಣುಮಗಳು. ಕಹಳೆ ಮುದ್ದಹನುಮನ ಹೆಂಡತಿ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿ ಬಂದಾಗ ಒನಕೆ ಹಿಡಿದು ನಿಂತೋಳು. ಸರ್ಕಾರ 2021ರಿಂದ ನವೆಂಬರ್ 11ಕ್ಕೆ ಜಯಂತಿ ಮಾಡ್ತಾ ಇದೆ, ಸಂತೋಷ. ಅವಳನ್ನ ರಾಣಿ ಅಂತ ಯಾರೂ ಕರೆಯಲ್ಲ, ‘ವೀರವನಿತೆ’ ಅಂತಾರೆ. ಆಗಲಿ, ಅವಳು ರಾಣಿ ಅಲ್ಲ, ಆಗೋದೂ ಬೇಡ. ಆದ್ರೆ ಒಂದು ಗಮನಿಸಿ. ಝಾನ್ಸಿಯಲ್ಲಿ ರಾಣಿಯ ವೇಷ ಹಾಕಿ ಶತ್ರುವಿನ ಮುಂದೆ ನಿಂತ ಝಲ್ಕಾರಿಬಾಯಿ ಕೋರಿ ಜಾತಿಯವಳು. ಸಾಯೋ ಜಾಗಕ್ಕೆ ಹೋಗೋಕೆ ಮಾತ್ರ ರಾಣಿ ಬಟ್ಟೆ ನಮ್ಮೋಳ ಅಳತೆಗೆ ಸರಿಹೋಗುತ್ತೆ. ಅವಳ ಮುಖ ಅಂಚೆಚೀಟಿಗೆ ಬಂದದ್ದು 2001ಕ್ಕೆ.

ಹಾಗಾದ್ರೆ ನಮ್ಮ ಹೆಂಗಸರನ್ನೂ ರಾಣಿ ಮಾಡೋಣವಾ? ಈಗ ನಮ್ಮಲ್ಲೂ ಶುರುವಾಗಿದೆ. ಮಗಳ ಹುಟ್ಟುಹಬ್ಬಕ್ಕೆ ಪ್ಲಾಸ್ಟಿಕ್ ಕಿರೀಟ, ಫ್ಲೆಕ್ಸಲ್ಲಿ ‘ನಮ್ಮ ಮನೆ ಮಹಾರಾಣಿ’. ಮಗುವಿನ ಖುಷಿಗೆ ನಾನ್ಯಾಕೆ ಅಡ್ಡ ಬರಲಿ, ಹಾಕಲಿ ಬಿಡಿ. ಆದ್ರೆ ಕಾರ್ಯಕರ್ತರು ವೇದಿಕೆ ಮೇಲೆ ನಿಂತು ‘ನಾವು ಆಳಿದ ಜನ, ನಮ್ಮ ತಾಯಂದಿರು ರಾಣಿಯರು’ ಅಂತ ಭಾಷಣ ಮಾಡುವಾಗ ನನಗೆ ಒಳಗೇ ಕಸಿವಿಸಿ. ಮಹಿಷಿ ಆದ್ರೆ ಪಾಲಾಗಲಿಯೂ ಬೇಕಾಗುತ್ತೆ. ಪಾಲಾಗಲಿ ಇಲ್ಲದೆ ಮಹಿಷಿ ಇಲ್ಲ. ನಾವು ಯಾರನ್ನ ನಾಲ್ಕನೇ ಮೆಟ್ಟಿಲಲ್ಲಿ ನಿಲ್ಲಿಸೋದು?

ನನಗೆ ಬೇಕಾಗಿರೋ ಬಿರುದು ಬೇರೆ ಇದೆ, ಅದು ಕಾನೂನಲ್ಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿಗೆ ಮನೆಯ ಮುಖ್ಯಸ್ಥರು ಹದಿನೆಂಟು ದಾಟಿದ ಹಿರಿಯ ಹೆಂಗಸು. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರೋದೂ ಆ ‘ಯಜಮಾನಿ’ಗೇ. ಗೃಹಲಕ್ಷ್ಮಿ ಅನ್ನೋ ಹೆಸರು ನನಗೆ ರುಚಿಸಲ್ಲ, ಯಜಮಾನಿ ರುಚಿಸುತ್ತೆ. ಯಾಗದಲ್ಲಿ ಕುದುರೆಯ ಪಕ್ಕ ಹೆಂಡತಿಯನ್ನ ಮಲಗಿಸಿ ಫಲ ತಗೊಂಡ ರಾಜನ ಬಿರುದದು, ನೆನಪಿದೆಯಲ್ಲ? ನಮ್ಮ ಕೇರಿಯಲ್ಲೂ ಯಜಮಾನರಿದ್ದಾರೆ, ನ್ಯಾಯಕ್ಕೆ ಕೂರೋರು. ಗಂಡಸರೇ. ಯಾವತ್ತೂ ಒಬ್ಬ ಹೆಂಗಸು ಆ ಕಟ್ಟೆ ಮೇಲೆ ಕೂತಿದ್ದನ್ನ ನಾನು ನೋಡಿಲ್ಲ, ಇದನ್ನ ನಮ್ಮವರಿಗೇ ಹೇಳ್ತಾ ಇದ್ದೀನಿ, ಬೇಜಾರಾದ್ರೆ ಆಗಲಿ. ಆ ಪದ ಈಗ ನಮ್ಮವ್ವನ ಹೆಸರಿನ ಹಿಂದೆ ಬಂದಿದೆ.

ಬಂದಿದೆ, ಆದ್ರೆ ದುಡ್ಡು ಬಂದಿಲ್ಲ. ಯಾಕಂದ್ರೆ ಒಂದು ಕಡೆ ಹೆಸರು ‘ಕೆಂಪಿ’ ಅಂತಿದೆ, ಆಧಾರಲ್ಲಿ ‘ಕೆಂಪಮ್ಮ’, ಬ್ಯಾಂಕ್ ಪಾಸ್‌ಬುಕ್ಕಲ್ಲಿ ‘ಕೆಂಪಾ’. ಕಂಪ್ಯೂಟರಿಗೆ ಮೂರು ಜನ ಬೇರೆ ಬೇರೆ. ಕಚೇರಿಯೊಂದರಲ್ಲಿ ಕೂತ ಹುಡುಗ ‘ಯಾವುದಮ್ಮ ನಿನ್ನ ನಿಜವಾದ ಹೆಸರು’ ಅಂತ ಕೇಳಿದ. ನಮ್ಮವ್ವ ‘ನಮ್ಮಪ್ಪ ಇಟ್ಟಿದ್ದು ಕೆಂಪಮ್ಮ, ನಿಮ್ಮೋರು ಬರ್ಕೊಂಡಿದ್ದು ಕೆಂಪಿ’ ಅಂದಳು. ನಾಲ್ಕು ಸಲ ಓಡಾಡಿದ್ದೀವಿ.

ಆದ್ದರಿಂದ ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂರ್ತಾ ಇದ್ದೀವಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ಇದ್ರೆ ಪಹಣಿ, ಎಲ್ಲದರ ಎರಡೆರಡು ಜೆರಾಕ್ಸ್ ತನ್ನಿ. ಹೆಸರು ತಿದ್ದುಪಡಿ ಅರ್ಜಿ ನಾವೇ ತುಂಬಿಕೊಡ್ತೀವಿ, ಅಫಿಡವಿಟ್ ಬೇಕಾದೋರಿಗೆ ನಮ್ಮ ವಕೀಲ ಗೆಳೆಯರು ಬರ್ತಾರೆ, ಫೀಸು ಇಲ್ಲ. ಅವ್ವಂದಿರನ್ನ ಕರ್ಕೊಂಡೇ ಬನ್ನಿ, ಅವರ ಪರವಾಗಿ ಗಂಡಸರು ಬಂದು ಹೆಸರು ಹೇಳೋದು ಬೇಡ. ಏನಂತ ಬರೀಬೇಕು ಅನ್ನೋದನ್ನ ಅವರೇ ಹೇಳಲಿ.